ಬೆನೆಗಲ್ ನರಸಿಂಗ ರಾವ್ ಮತ್ತು ರಾಷ್ಟ್ರಮನ್ನಣೆಯ ಪ್ರಶ್ನೆ

ಕನ್ನಡದಲ್ಲಿ ‘ಮನ್ನಣೆ’ ಎಂಬ ಪದಕ್ಕೆ ಗೌರವ, ಆದರ, ಪುರಸ್ಕಾರ ಎಂಬ ಅರ್ಥಗಳೇ ಮೊದಲಿನಿಂದ ಬಂದಿವೆ. ಅರಸನ ಮನ್ನಣೆಗೆ ಪಾತ್ರನಾದ ಕವಿ ಎಂದಾಗ ಆ ಕವಿಯ ಯೋಗ್ಯತೆಯನ್ನು ಅರಸನು ಮೆಚ್ಚಿದನೆಂದೇ ತಿಳಿಯುತ್ತೇವೆ. ಆದರೆ ಒಂದು ರಾಷ್ಟ್ರವು ಇನ್ನೊಂದು ರಾಷ್ಟ್ರಕ್ಕೆ ಮನ್ನಣೆ ನೀಡಿತು ಎಂಬ ಮಾತು ಪತ್ರಿಕೆಗಳಲ್ಲಿ ಬಂದಾಗ ಅಲ್ಲಿ ಮೆಚ್ಚುಗೆಯ ಅರ್ಥ ಇರಲೇಬೇಕೆಂದಿಲ್ಲ. ಮೆಚ್ಚದೆಯೂ ಮನ್ನಿಸಬಹುದು, ಮೆಚ್ಚಿದರೂ ಮನ್ನಣೆಯನ್ನು ವರ್ಷಗಟ್ಟಲೆ ತಡೆಹಿಡಿಯಬಹುದು. ‘ಮಾನ್ಯತೆ’ ಎಂಬ ಸಂಸ್ಕೃತ ಪದವೂ ಈ ತೊಡಕನ್ನು ಪರಿಹರಿಸುವುದಿಲ್ಲ. ‘ಅಂಗೀಕಾರ’ ಸ್ವಲ್ಪ ಹತ್ತಿರದ್ದು, ಆದರೆ ಅದು ಬಳಕೆಗೆ ಬರಲಿಲ್ಲ. ಪದಗಳ ಈ ಗೊಂದಲ ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ವಿಶ್ವಸಂಸ್ಥೆಯ ಸಭೆಗಳಲ್ಲಿ ಚೀನಾ, ಇಸ್ರೇಲ್, ಪ್ಯಾಲೆಸ್ತೀನ್ ಇವುಗಳ ಬಗೆಗೆ ನಡೆದ ವಾದಗಳ ಮೂಲದಲ್ಲಿಯೂ ಇದೇ ಗೊಂದಲ ಇತ್ತು. ಆ ಸಭೆಗಳಲ್ಲಿ ಭಾರತದ ಪರವಾಗಿ ಕುಳಿತಿದ್ದವರು ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದು ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಅವರ ಬದುಕಿನ ಕೊನೆಯ ಐದಾರು ವರ್ಷಗಳ ಕೆಲಸ ಮಾತ್ರ ಕನ್ನಡದ ವಿದ್ವತ್ತಿನ ಗಮನಕ್ಕೆ ಅಷ್ಟಾಗಿ ಬಂದಿಲ್ಲ.

ನರಸಿಂಗ ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಚಿತ್ರಾಪುರ ಸಾರಸ್ವತ ಮನೆತನ ಅವರದು. ತಂದೆ ಬೆನೆಗಲ್ ರಾಘವೇಂದ್ರ ರಾಯರು ವೈದ್ಯರು. ಮನೆಮಾತು ಕೊಂಕಣಿ, ಊರಿನ ಮಾತು ತುಳು, ಶಾಲೆಯ ಮತ್ತು ವ್ಯವಹಾರದ ಮಾತು ಕನ್ನಡ, ಮುಂದಿನ ವಿದ್ಯೆಯ ಭಾಷೆ ಇಂಗ್ಲಿಷ್; ಕರಾವಳಿಯ ಮಕ್ಕಳಿಗೆ ಇದು ಹೊಸತೇನೂ ಅಲ್ಲ. ಒಂದೇ ಅಂಗಳದಲ್ಲಿ ನಾಲ್ಕು ನುಡಿಗಳನ್ನು ಕೇಳಿ ಬೆಳೆದವನಿಗೆ ಒಂದು ನಾಡಿಗೆ ಒಂದೇ ಜನ, ಒಂದೇ ಮಾತು ಎಂಬ ವಾದ ಸುಲಭವಾಗಿ ಹಿಡಿಸಲಾರದು. ಈ ಹಿನ್ನೆಲೆಯಿಂದಲೇ ಅವರ ನಿಲುವುಗಳು ರೂಪುಗೊಂಡವೆಂದು ಹೇಳುವುದು ಅವಸರದ ಮಾತಾದೀತು. ಆದರೂ ಅದನ್ನು ಬದಿಗಿಟ್ಟು ಅವರನ್ನು ಅರ್ಥಮಾಡಿಕೊಳ್ಳುವುದೂ ಕಷ್ಟ. ಸೋದರರಲ್ಲಿ ಬೆನೆಗಲ್ ರಾಮ ರಾಯರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರರಾಗಿ ಮುಂಬಯಿಯಲ್ಲಿದ್ದರು, ಬಿ. ಶಿವರಾಯರು ಪತ್ರಕರ್ತರೂ ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು.

ಆ ಕಾಲದಲ್ಲಿ ದಕ್ಷಿಣ ಕನ್ನಡ, ಉತ್ತರ ಕನ್ನಡಗಳಿಂದ ಹೊರಟ ಮನೆಗಳು ಬಹುಮಟ್ಟಿಗೆ ಮುಂಬಯಿಯ ದಾರಿ ಹಿಡಿದವು. ಗಾಮದೇವಿಯಲ್ಲಿ 1915ರಲ್ಲಿ ಸಾರಸ್ವತರ ಸಹಕಾರಿ ವಸತಿ ಸಂಘ ಹುಟ್ಟಿತು. ಅಲ್ಲಿಂದ ತಾಡದೇವದ ತಲ್ಮಕಿವಾಡಿ, ಸಾಂತಾಕ್ರೂಜ್, ಅಂಧೇರಿ, ಜೋಗೇಶ್ವರಿ ಎಂದು ಪಶ್ಚಿಮ ರೈಲುಮಾರ್ಗದ ಉದ್ದಕ್ಕೂ ಕರಾವಳಿಯ ಜನ ನೆಲೆ ನಿಂತರು. ಈ ಮಹಾನಗರದಲ್ಲಿ ನೆಲೆಸಿದವರಿಗೆ ಪ್ಯಾಲೆಸ್ತೀನ್ ಬಹು ದೂರದ ಸಂಗತಿಯಾಗಿರಲಿಲ್ಲ. ಮಾಂಡವಿಯಲ್ಲಿ 1796ರಷ್ಟು ಹಿಂದೆಯೇ ಬೆನೆ ಇಸ್ರೇಲಿಗಳ ಸಿನಗಾಗ್ ಕಟ್ಟಲ್ಪಟ್ಟಿತ್ತು. ಹಜ್ ಯಾತ್ರಿಕರ ಹಡಗುಗಳು ಇಲ್ಲಿಂದಲೇ ಹೊರಡುತ್ತಿದ್ದವು. ಖಿಲಾಫತ್ ಚಳವಳಿಯ ಕೇಂದ್ರ ಸಮಿತಿ ಇಲ್ಲಿಯೇ ಇತ್ತು. ಜೋಗೇಶ್ವರಿಯ ಗುಡ್ಡದ ಮೇಲೆ 1930ರಲ್ಲಿ ಆರಂಭವಾದ ಇಸ್ಮಾಯಿಲ್ ಯೂಸುಫ್ ಕಾಲೇಜು ಮುಸ್ಲಿಂ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆಂದು ಬಂದ ದಾನದಿಂದ ಎದ್ದುನಿಂತಿತ್ತು. ಯೆಹೂದ್ಯರ ಮನೆಯೊಂದರ ಹಂಬಲವೂ ಅರಬರ ನೆಲದ ನೋವೂ ಈ ಊರಿನ ಬೇರೆ ಬೇರೆ ಬೀದಿಗಳಲ್ಲಿ ಚರ್ಚೆಯ ವಿಷಯಗಳಾಗಿದ್ದವು. ನರಸಿಂಗ ರಾಯರು ಮುಂಬಯಿಯ ದಾರಿ ಹಿಡಿಯಲಿಲ್ಲ. ಅವರ ದಾರಿ ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜು ಎಂದು ಸಾಗಿತು. ಟ್ರಿನಿಟಿಯಲ್ಲಿ ಜವಾಹರಲಾಲ್ ನೆಹರೂ ಅವರ ಸಮಕಾಲೀನರು. ನಲವತ್ತು ವರ್ಷಗಳ ಅನಂತರ ಇವರಿಬ್ಬರು ಮತ್ತೆ ಒಂದೇ ಕೆಲಸದಲ್ಲಿ ಜೊತೆಗೂಡಬೇಕಾಗಿತ್ತು.

1910ರಲ್ಲಿ ಐ.ಸಿ.ಎಸ್. ಸೇವೆಗೆ ಸೇರಿದ ರಾಯರನ್ನು ಬಂಗಾಳಕ್ಕೆ ಕಳುಹಿಸಲಾಯಿತು. ಆಡಳಿತದ ಅಧಿಕಾರಿಯಾಗಿ ತೊಡಗಿದವರು ಬೇಗನೆ ನ್ಯಾಯಾಂಗದ ಕಡೆಗೆ ಹೊರಳಿದರು. ಅಸ್ಸಾಮಿನಲ್ಲಿ ಶಾಸನಸಭೆಯ ಕಾರ್ಯದರ್ಶಿ ಮತ್ತು ಸರಕಾರದ ಕಾನೂನು ಅಧಿಕಾರಿಯಾಗಿ ಎಂಟು ವರ್ಷ ದುಡಿದರು. 1935ರ ಭಾರತ ಸರಕಾರ ಕಾಯಿದೆ ಬಂದ ಮೇಲೆ ಅದುವರೆಗಿನ ಶಾಸನಗಳೆಲ್ಲವನ್ನೂ ಹೊಸ ಕಾಯಿದೆಗೆ ಹೊಂದಿಸುವ ಬೇಸರದ ಕೆಲಸವೂ ಅವರ ಪಾಲಿಗೆ ಬಂತು. ಅದನ್ನು ಮುಗಿಸಿಕೊಟ್ಟುದಕ್ಕಾಗಿ 1938ರಲ್ಲಿ ಸರ್ ಪದವಿ ದೊರೆಯಿತು. 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ಹಿಂದೂ ಕಾನೂನನ್ನು ಪರಿಷ್ಕರಿಸುವ ಸಮಿತಿಗೆ 1941ರಲ್ಲಿಯೂ ಮತ್ತೆ 1944ರಲ್ಲಿಯೂ ಅವರೇ ಅಧ್ಯಕ್ಷರು. ಮುಂದೆ ದೇಶವನ್ನೇ ಕಲಕಿದ ಹಿಂದೂ ಸಂಹಿತೆಯ ಮಸೂದೆ ಈ ಸಮಿತಿಯ ಕರಡಿನಿಂದ ಬೆಳೆದುದು.

ಈ ಅವಧಿಯ ಕೆಲಸಗಳಲ್ಲಿ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಸಿಂಧೂ ನದಿಯ ನೀರಿನ ವಿವಾದ. ಮೇಲಿನ ಪಂಜಾಬಿಗೂ ಕೆಳಗಿನ ಸಿಂಧ್ ಪ್ರಾಂತಕ್ಕೂ ನಡೆದಿದ್ದ ಈ ಜಗಳವನ್ನು ವಿಚಾರಿಸಲು 1941ರಲ್ಲಿ ನೇಮಕವಾದ ಆಯೋಗಕ್ಕೆ ರಾಯರು ಅಧ್ಯಕ್ಷರಾಗಿದ್ದರು. 1942ರ ವರದಿಯಲ್ಲಿ ಆಯೋಗವು ನದಿಯ ನೀರು ಹರಿಯುವ ಪ್ರಾಂತಗಳೆಲ್ಲಕ್ಕೂ ನ್ಯಾಯವಾದ ಪಾಲು ಸಲ್ಲಬೇಕೆಂಬ ತತ್ತ್ವವನ್ನು ಆಧರಿಸಿತು. ಮೇಲಿನವನು ತನ್ನ ನೆಲದಲ್ಲಿ ಹರಿಯುವ ನೀರನ್ನು ತನ್ನ ಇಚ್ಛೆಯಂತೆ ಬಳಸಬಹುದು ಎಂಬ ವಾದವನ್ನೂ, ಕೆಳಗಿನವನಿಗೆ ನೀರು ಒಂದಿಷ್ಟೂ ಕುಗ್ಗದೆ ಬರಬೇಕು ಎಂಬ ವಾದವನ್ನೂ ಅದು ಒಪ್ಪಲಿಲ್ಲ. ಕಾವೇರಿ, ಕೃಷ್ಣೆಗಳ ಜಗಳಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ತತ್ತ್ವದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಒಂದೇ ನೆಲದ ಮೇಲೆ ಇಬ್ಬರ ಹಕ್ಕು ಇದ್ದಾಗ ಯಾವುದೋ ಒಂದನ್ನು ಪೂರ್ತಿಯಾಗಿ ಅಳಿಸದೆ ಎರಡನ್ನೂ ಅಳೆಯುವ ಅಭ್ಯಾಸ ಅವರಿಗೆ ಇಲ್ಲಿಯೇ ಸಿದ್ಧಿಸಿತ್ತೆನ್ನಬಹುದು. 1944ರಲ್ಲಿ ಅವರು ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜರೊಂದಿಗೆ ಹೊಂದಾಣಿಕೆಯಾಗದೆ ಮರುವರ್ಷವೇ ಆ ಸ್ಥಾನವನ್ನು ಬಿಟ್ಟರು.

1946ರ ಜುಲೈಯಲ್ಲಿ ಅವರು ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾದರು. ಸಭೆಯಾದರೋ ಇನ್ನೂ ಸೇರಿರಲಿಲ್ಲ. ಅದು ಸೇರಿದ್ದು ಆ ವರ್ಷದ ಡಿಸೆಂಬರ್ 9ರಂದು. ಲೋಕದ ಸಂವಿಧಾನಗಳನ್ನು ಓದಿ ಟಿಪ್ಪಣಿ ಬರೆದು ಸದಸ್ಯರ ಕೈಗಿಡುವುದು ಅವರ ಮೊದಲ ಕೆಲಸವಾಯಿತು. 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ಅನುಚ್ಛೇದಗಳೂ 13 ಅನುಸೂಚಿಗಳೂ ಇದ್ದವು. ಬರ್ಮಾ ದೇಶದ ಸಂವಿಧಾನ ರಚನೆಗೂ ಅದೇ ವರ್ಷ ಅವರ ನೆರವು ಸಂದಿತು. ಡಾ. ಅಂಬೇಡ್ಕರರು 1949ರ ನವೆಂಬರ್ 25ರ ತಮ್ಮ ಕೊನೆಯ ಭಾಷಣದಲ್ಲಿ ಸಂವಿಧಾನದ ಶ್ರೇಯಸ್ಸಿನ ಒಂದು ಪಾಲು ರಾಯರಿಗೆ ಸಲ್ಲಬೇಕೆಂದು ಹೇಳಿದುದು ಪ್ರಸಿದ್ಧವಾಗಿದೆ. ಯಾರ ಪಾಲು ಎಷ್ಟು ಎಂದು ಅಳೆಯುವ ವಾದಗಳು ಈಚೆಗೆ ಹೆಚ್ಚಿವೆ. ಅಂಬೇಡ್ಕರರೇ ಮುಕ್ತಕಂಠದಿಂದ ಒಪ್ಪಿಕೊಂಡ ಋಣವನ್ನು ಅವರ ವಿರುದ್ಧವೇ ಬಳಸುವುದು ಇಬ್ಬರಿಗೂ ಮಾಡುವ ಅನ್ಯಾಯ.

ಕರಡು ಮುಗಿದೊಡನೆ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳ ಪ್ರವಾಸಕ್ಕೆ ಹೊರಟರು. ಅಲ್ಲಿನ ನ್ಯಾಯಾಧೀಶರನ್ನೂ ರಾಜಕಾರಣಿಗಳನ್ನೂ ಕಂಡು ಕರಡಿನ ಮುಖ್ಯ ವಿಧಿಗಳನ್ನು ಕುರಿತು ಚರ್ಚಿಸುವುದು ಉದ್ದೇಶ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ನಡೆದ ಮಾತುಕತೆ ಇವುಗಳಲ್ಲಿ ಪ್ರಸಿದ್ಧವಾದುದು. ಅಮೆರಿಕದ ಸಂವಿಧಾನದಲ್ಲಿರುವ ಯುಕ್ತ ನ್ಯಾಯಕ್ರಮದ ತತ್ತ್ವವು ಜನಪ್ರತಿನಿಧಿಗಳು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕಲು ಅವಕಾಶ ಕೊಡುತ್ತದೆ, ನ್ಯಾಯಾಂಗದ ಮೇಲೆ ಹೊರಲಾರದ ಭಾರವನ್ನು ಹೊರಿಸುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯ. ಭಾರತದ ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಅದರ ಬದಲು ಕಾನೂನಿನಿಂದ ಸ್ಥಾಪಿತವಾದ ಕ್ರಮ ಎಂಬ ಮಾತು ಬಂದುದರ ಹಿಂದೆ ಈ ಭೇಟಿಯ ಪ್ರಭಾವವಿದೆ. ಇದು ಎಲ್ಲ ಕಾನೂನು ವಿದ್ಯಾರ್ಥಿಗಳಿಗೂ ತಿಳಿದ ಸಂಗತಿ. ಅಷ್ಟಾಗಿ ನೆನಪಿಡದ ಸಂಗತಿ ಬೇರೆಯಿದೆ. ಅದೇ ಫ್ರಾಂಕ್‌ಫರ್ಟರ್ 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಜಿಯೋನಿಸ್ಟ್ ನಿಯೋಗದ ಜೊತೆಗಿದ್ದು, ಅರಬರ ರಾಜಕುಮಾರ ಫೈಸಲನೊಡನೆ ಪತ್ರವ್ಯವಹಾರ ನಡೆಸಿದವರು. ರಾಯರು ಅಮೆರಿಕದಲ್ಲಿ ಅನುಚ್ಛೇದಗಳನ್ನು ಕುರಿತು ವಿಚಾರಿಸುತ್ತಿದ್ದ ಆ ದಿನಗಳಲ್ಲಿಯೇ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಪ್ಯಾಲೆಸ್ತೀನನ್ನು ಎರಡಾಗಿ ಒಡೆಯಬೇಕೆ ಎಂಬ ಪ್ರಶ್ನೆಯನ್ನು ಇತ್ಯರ್ಥಪಡಿಸುತ್ತಿತ್ತು.

ಆ ಪ್ರಶ್ನೆಯ ಹಿನ್ನೆಲೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಬ್ರಿಟನ್ ತನ್ನ ಆಳ್ವಿಕೆಯಲ್ಲಿದ್ದ ಪ್ಯಾಲೆಸ್ತೀನಿನ ಸಮಸ್ಯೆಯನ್ನು 1947ರಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿತು. ಹನ್ನೊಂದು ರಾಷ್ಟ್ರಗಳ ವಿಶೇಷ ಸಮಿತಿಯೊಂದು ರಚಿತವಾಯಿತು. ಸ್ವೀಡನ್ನಿನ ನ್ಯಾಯಾಧೀಶ ಸಾಂಡ್‌ಸ್ಟ್ರೋಮ್ ಅದರ ಅಧ್ಯಕ್ಷರು, ಲಾಹೋರ್ ಹೈಕೋರ್ಟಿನ ನ್ಯಾಯಾಧೀಶ ಸರ್ ಅಬ್ದುರ್ ರಹಮಾನ್ ಭಾರತದ ಸದಸ್ಯರು. ಸಮಿತಿಯ ಬಹುಮತವು ವಿಭಜನೆಯನ್ನು ಶಿಫಾರಸು ಮಾಡಿತು. ಭಾರತ, ಇರಾನ್ ಮತ್ತು ಯುಗೋಸ್ಲಾವಿಯಗಳು ಜೆರೂಸಲೇಮನ್ನು ರಾಜಧಾನಿಯಾಗಿ ಉಳ್ಳ, ಅರಬ್ ಮತ್ತು ಯೆಹೂದ್ಯ ಘಟಕಗಳಿಂದ ಕೂಡಿದ ಒಂದೇ ಸಂಯುಕ್ತ ರಾಜ್ಯವನ್ನು ಸೂಚಿಸಿದವು. ನವೆಂಬರ್ 29ರಂದು ಮಹಾಸಭೆಯು ವಿಭಜನೆಯನ್ನು 33 ಮತಗಳಿಂದ ಅಂಗೀಕರಿಸಿತು. ವಿರುದ್ಧ 13, ತಟಸ್ಥ 10. ಭಾರತದ ಮತ ವಿರುದ್ಧವಾಗಿತ್ತು. ಮೂರು ತಿಂಗಳ ಹಿಂದಷ್ಟೇ ತನ್ನ ಮೈಯೇ ಎರಡಾಗಿ ಸೀಳಿದ್ದನ್ನು ಕಂಡ ದೇಶ ಇನ್ನೊಂದು ನೆಲದ ವಿಭಜನೆಗೆ ಕೈಯೆತ್ತಲಾರದೆ ಹೋದುದು ಸಹಜವೇ. ವಿಚಿತ್ರವೆಂದರೆ, ವಿಭಜನೆಯನ್ನು ವಿರೋಧಿಸಿ ಬರೆದ ಅಬ್ದುರ್ ರಹಮಾನರು ಭಾರತದ ವಿಭಜನೆಯ ಅನಂತರ ಪಾಕಿಸ್ತಾನದ ಪ್ರಜೆಯಾದರು.

1948ರ ಮೇ 14ರಂದು ಇಸ್ರೇಲ್ ರಾಜ್ಯ ಘೋಷಣೆಯಾಯಿತು. ಅಮೆರಿಕ ಕೆಲವೇ ನಿಮಿಷಗಳಲ್ಲಿ ಅದರ ಸರಕಾರವನ್ನು ವಸ್ತುತಃ ಮನ್ನಿಸಿತು. ಸೋವಿಯೆತ್ ಒಕ್ಕೂಟ ಮೂರು ದಿನಗಳಲ್ಲಿ ವಿಧಿಪೂರ್ವಕವಾಗಿ ಮನ್ನಿಸಿತು. ಸೆಪ್ಟೆಂಬರಿನಲ್ಲಿ ಗಾಜಾದಲ್ಲಿ ಅಖಿಲ ಪ್ಯಾಲೆಸ್ತೀನ್ ಸರಕಾರವೆಂಬುದು ಘೋಷಿತವಾಯಿತು. ಅರಬ್ ಲೀಗಿನಲ್ಲಿ ಟ್ರಾನ್ಸ್‌ಜೋರ್ಡಾನ್ ಹೊರತು ಉಳಿದ ರಾಷ್ಟ್ರಗಳು ಅದನ್ನು ಮನ್ನಿಸಿದವು. ಆದರೆ ಅದರ ಕೈಯಲ್ಲಿ ನೆಲವಾಗಲಿ ಸೇನೆಯಾಗಲಿ ಬೊಕ್ಕಸವಾಗಲಿ ಇರಲಿಲ್ಲ. ಒಂದು ಕಡೆ ಮನ್ನಣೆಯ ಜೊತೆಗೆ ನೆಲವೂ ಇತ್ತು. ಇನ್ನೊಂದು ಕಡೆ ಮನ್ನಣೆ ಇದ್ದರೂ ನೆಲವಿರಲಿಲ್ಲ. ಅಂತರರಾಷ್ಟ್ರೀಯ ಕಾನೂನಿನ ಪಂಡಿತರು ಇಂಥ ಸಂದರ್ಭಗಳಲ್ಲಿ 1933ರ ಮಾಂಟೆವಿಡಿಯೋ ಒಡಂಬಡಿಕೆಯನ್ನು ನೆನೆಯುತ್ತಾರೆ. ಖಾಯಂ ಜನತೆ, ನಿರ್ದಿಷ್ಟ ನೆಲ, ಸರಕಾರ, ಇತರ ರಾಜ್ಯಗಳೊಡನೆ ವ್ಯವಹರಿಸುವ ಶಕ್ತಿ ಎಂಬ ನಾಲ್ಕು ಲಕ್ಷಣಗಳು ಅದರಲ್ಲಿವೆ. ಈ ಲಕ್ಷಣಗಳಿದ್ದರೆ ರಾಜ್ಯ ಇದೆ, ಮನ್ನಣೆ ಅದನ್ನು ಘೋಷಿಸುತ್ತದೆ ಅಷ್ಟೆ ಎನ್ನುವುದು ಒಂದು ಪಕ್ಷ. ಇತರರು ಮನ್ನಿಸಿದಾಗಲೇ ರಾಜ್ಯವು ಅಂತರರಾಷ್ಟ್ರೀಯ ವ್ಯಕ್ತಿತ್ವ ಪಡೆಯುತ್ತದೆ ಎನ್ನುವುದು ಇನ್ನೊಂದು ಪಕ್ಷ. ಕೇಂಬ್ರಿಜ್ಜಿನ ಲಾಟರ್‌ಪಾಖ್ಟ್ 1947ರಲ್ಲಿ ಈ ವಿಷಯದ ಮೇಲೆಯೇ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿ, ಲಕ್ಷಣಗಳಿದ್ದಲ್ಲಿ ಮನ್ನಿಸುವುದು ರಾಷ್ಟ್ರಗಳ ಕರ್ತವ್ಯವೆಂದು ವಾದಿಸಿದ್ದರು. ರಾಷ್ಟ್ರಗಳು ಆ ಕರ್ತವ್ಯವನ್ನು ಒಪ್ಪಿಕೊಳ್ಳಲಿಲ್ಲ.

ಇದೇ ಪ್ರಶ್ನೆ ಭಾರತದ ಬಾಗಿಲಿಗೂ ಬಂದಿತ್ತು, ಅದೂ ಕನ್ನಡ ನಾಡಿನ ಬಾಗಿಲಿಗೇ. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದ ನಿಜಾಮರು ತಮ್ಮದು ಸ್ವತಂತ್ರ ರಾಜ್ಯವೆಂದು 1948ರ ಆಗಸ್ಟಿನಲ್ಲಿ ಭದ್ರತಾ ಮಂಡಳಿಗೆ ದೂರು ಸಲ್ಲಿಸಿದರು. ಪ್ಯಾರಿಸ್ಸಿನಲ್ಲಿ ಸೆಪ್ಟೆಂಬರ್ 16ರಂದು ಅದರ ಚರ್ಚೆ ನಡೆದಾಗ ಭಾರತದ ಪರವಾಗಿ ವಾದಿಸಿದವರು ಆಗ ಮೈಸೂರಿನ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಹೈದರಾಬಾದ್ ಎಂದೂ ಸ್ವತಂತ್ರ ರಾಜ್ಯವಾಗಿರಲಿಲ್ಲ, ಆದಕಾರಣ ಮಂಡಳಿಗೆ ಬರುವ ಅರ್ಹತೆಯೇ ಅದಕ್ಕಿಲ್ಲ ಎಂಬುದು ಅವರ ವಾದದ ತಿರುಳು. ಮರುದಿನ ನಿಜಾಮರ ಸೇನೆ ಶರಣಾಯಿತು. ಜನತೆ, ನೆಲ, ಸರಕಾರ ಮೂರೂ ಇದ್ದ ಸಂಸ್ಥಾನವೊಂದು ರಾಜ್ಯವಲ್ಲ ಎಂದು ವಾದಿಸಿದ ದೇಶ, ಮನ್ನಣೆಯ ಪ್ರಶ್ನೆಯನ್ನು ಕುರಿತು ಮುಂದೆ ಎಚ್ಚರದಿಂದಲೇ ಮಾತನಾಡಬೇಕಾಯಿತು. ಇಸ್ರೇಲಿನ ವಿಷಯದಲ್ಲಿ ದೆಹಲಿ ತೋರಿದ ನಿಧಾನಕ್ಕೆ ಅರಬರ ಮೈತ್ರಿ ಒಂದು ಕಾರಣ. ಹೈದರಾಬಾದ್ ಮತ್ತು ಕಾಶ್ಮೀರ ಇನ್ನೊಂದು ಕಾರಣ.

ಈ ಹೊತ್ತಿಗೆ ರಾಯರು ವಿಶ್ವಸಂಸ್ಥೆಯ ಕೆಲಸದಲ್ಲಿ ತೊಡಗಿದ್ದರು. ಅಂತರರಾಷ್ಟ್ರೀಯ ಕಾನೂನನ್ನು ಕ್ರೋಡೀಕರಿಸಲು ಸ್ಥಾಪಿತವಾದ ಅಂತರರಾಷ್ಟ್ರೀಯ ಕಾನೂನು ಆಯೋಗದ ಮೊದಲ ಹದಿನೈದು ಸದಸ್ಯರಲ್ಲಿ ಅವರೊಬ್ಬರು. ಆಯೋಗದ ಮೊದಲ ಅಧಿವೇಶನ 1949ರ ಏಪ್ರಿಲ್ 12ರಂದು ಲೇಕ್ ಸಕ್ಸೆಸ್‌ನಲ್ಲಿ ತೊಡಗಿತು. ಹಾರ್ವರ್ಡಿನ ಮ್ಯಾನ್ಲಿ ಹಡ್ಸನ್ ಅಧ್ಯಕ್ಷರು, ಸೋವಿಯೆತ್ ಒಕ್ಕೂಟದ ಕೊರೆಟ್ಸ್ಕಿ ಮೊದಲನೆಯ ಉಪಾಧ್ಯಕ್ಷರು, ರಾಯರು ಎರಡನೆಯ ಉಪಾಧ್ಯಕ್ಷರು. ಸದಸ್ಯರ ಪಟ್ಟಿಯನ್ನು ನೋಡಿದರೆ ಅಚ್ಚರಿಯಾಗುತ್ತದೆ. ಪ್ಯಾಲೆಸ್ತೀನ್ ವಿಭಜನೆಯನ್ನು ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷ ಸಾಂಡ್‌ಸ್ಟ್ರೋಮ್ ಅದರಲ್ಲಿದ್ದರು; ಆ ವಿಭಜನೆಯ ವಿರುದ್ಧ ಅರಬರ ದನಿಯಾಗಿದ್ದ ಸಿರಿಯದ ಮಾಜಿ ಪ್ರಧಾನಿ ಫಾರಿಸ್ ಅಲ್ ಖೂರಿ ಇದ್ದರು; ವಿಭಜನೆಗೆ ಮತ ನೀಡದ ಭಾರತದಿಂದ ರಾಯರಿದ್ದರು. ಆಯೋಗದ ಸದಸ್ಯರು ತಮ್ಮ ಸರಕಾರಗಳ ಪ್ರತಿನಿಧಿಗಳಲ್ಲ, ಸ್ವತಂತ್ರ ತಜ್ಞರು ಎಂಬುದು ನಿಯಮ. ನಿಯಮವೇನೋ ಸರಿ, ಮನುಷ್ಯನ ಹಿಂದಿನ ದಿನಗಳು ಸಭಾಂಗಣದ ಹೊರಗೆ ಉಳಿಯುವುದಿಲ್ಲ.

ಆಯೋಗದ ಮುಂದೆ ಬಂದ ಮೊದಲ ಕೆಲಸಗಳಲ್ಲಿ ರಾಷ್ಟ್ರಗಳ ಹಕ್ಕು ಮತ್ತು ಕರ್ತವ್ಯಗಳ ಘೋಷಣೆಯ ಕರಡು ಒಂದು. ಪನಾಮಾ ದೇಶ ಸಲ್ಲಿಸಿದ್ದ ಮೂಲಪಾಠದಲ್ಲಿ ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ಅಸ್ತಿತ್ವವನ್ನು ಇತರರು ಮನ್ನಿಸಬೇಕೆಂದು ಕೇಳುವ ಹಕ್ಕಿನ ಪ್ರಸ್ತಾಪವಿತ್ತು. ಆಯೋಗ ಅದನ್ನು ಕೈಬಿಟ್ಟಿತು. ಮನ್ನಣೆಯ ವಿಷಯ ಬಹು ಸೂಕ್ಷ್ಮವಾದುದು, ರಾಜಕೀಯದ ತೊಡಕುಗಳು ಅದರಲ್ಲಿ ತುಂಬಿಕೊಂಡಿವೆ, ಒಂದು ಚಿಕ್ಕ ವಾಕ್ಯವೃಂದದಲ್ಲಿ ಅದನ್ನು ಮುಗಿಸಲು ಬಾರದು ಎಂದು ವರದಿ ಕಾರಣ ಕೊಟ್ಟಿತು. ರಾಷ್ಟ್ರ ಎಂಬ ಪದದ ಲಕ್ಷಣವನ್ನು ಹೇಳುವುದರಿಂದಲೂ ಪ್ರಯೋಜನವಿಲ್ಲವೆಂದು ತೀರ್ಮಾನಿಸಲಾಯಿತು. ರಾಷ್ಟ್ರಗಳ ಹಕ್ಕುಗಳನ್ನು ಹದಿನಾಲ್ಕು ಅನುಚ್ಛೇದಗಳಲ್ಲಿ ಬರೆದ ವಿದ್ವಾಂಸರು ರಾಷ್ಟ್ರವೆಂದರೇನು, ಯಾರು ಅದನ್ನು ಮನ್ನಿಸಬೇಕು ಎಂಬೆರಡನ್ನೂ ಬರೆಯದೆ ಬಿಟ್ಟರು. ವ್ಯಾಕರಣಕಾರನು ಕರ್ತೃಪದದ ಲಕ್ಷಣ ಹೇಳದೆ ಕ್ರಿಯಾಪದಗಳನ್ನು ವಿವರಿಸಿದಂತೆ ಇದು ತೋರಬಹುದು. ಆದರೆ ಆ ವಾರಗಳಲ್ಲಿ ಹೊರಗೆ ನಡೆಯುತ್ತಿದ್ದುದನ್ನು ಗಮನಿಸಿದರೆ ಅವರ ಸಂಕೋಚ ಅರ್ಥವಾಗುತ್ತದೆ. ಆಯೋಗ ಅಧಿವೇಶನದಲ್ಲಿದ್ದಾಗಲೇ, ಮೇ 11ರಂದು, ಮಹಾಸಭೆಯು ಇಸ್ರೇಲನ್ನು 37 ಮತಗಳಿಂದ ಸದಸ್ಯ ರಾಷ್ಟ್ರವನ್ನಾಗಿ ಸೇರಿಸಿಕೊಂಡಿತು. ವಿರುದ್ಧವಾಗಿ ಬಂದ 12 ಮತಗಳಲ್ಲಿ ಭಾರತದ್ದೂ ಒಂದು. 9 ರಾಷ್ಟ್ರಗಳು ತಟಸ್ಥವಾಗಿದ್ದವು. ಮುಂಬಯಿಯ ಪ್ರಸಿದ್ಧ ನ್ಯಾಯವಾದಿ ಎಂ. ಸಿ. ಸೆಟಲ್‌ವಾಡ್ ಭಾರತದ ನಿಲುವನ್ನು ವಿವರಿಸಿ, ಸಂಧಾನದಿಂದಲ್ಲದೆ ಶಸ್ತ್ರಬಲದಿಂದ ಸಾಧಿಸಿದ ಇಸ್ರೇಲನ್ನು ಭಾರತ ಮನ್ನಿಸಲಾರದೆಂದು ತಿಳಿಸಿದರು.

ಇದಾದ ಹದಿನಾರು ತಿಂಗಳಲ್ಲಿ ಭಾರತ ಅದೇ ಇಸ್ರೇಲನ್ನು ಮನ್ನಿಸಿತು. ಈ ತಿರುವಿನ ತರ್ಕವನ್ನು ತಿಳಿಯಲು ಚೀನಾದ ಪ್ರಕರಣವನ್ನು ನೋಡಬೇಕು, ಅಲ್ಲಿ ರಾಯರ ಪಾತ್ರ ಸ್ಪಷ್ಟವಾಗಿದೆ. 1949ರ ಡಿಸೆಂಬರ್ 30ರಂದು ಭಾರತ ಪೀಕಿಂಗಿನ ಕಮ್ಯುನಿಸ್ಟ್ ಸರಕಾರವನ್ನು ಮನ್ನಿಸಿತು. 1950ರ ಆರಂಭದಲ್ಲಿ ಭಾರತ ಭದ್ರತಾ ಮಂಡಳಿಯ ಸದಸ್ಯತ್ವ ಪಡೆದು ರಾಯರು ಅಲ್ಲಿ ಪ್ರತಿನಿಧಿಯಾಗಿ ಕುಳಿತರು. ಚಿಯಾಂಗ್ ಕೈಷೇಕರ ಪ್ರತಿನಿಧಿಯನ್ನು ಹೊರಗಿಡಬೇಕೆಂಬ ಸೋವಿಯೆತ್ ಸೂಚನೆ ಜನವರಿ 13ರಂದು ಮತಕ್ಕೆ ಬಂದಾಗ ಪರವಾಗಿ ನಿಂತವು ಮೂರೇ ರಾಷ್ಟ್ರಗಳು: ಸೋವಿಯೆತ್ ಒಕ್ಕೂಟ, ಯುಗೋಸ್ಲಾವಿಯ, ಭಾರತ. ಚೀನಾದ ನೆಲವನ್ನು ಆಳುತ್ತಿರುವವರು ಯಾರೋ ಅವರೇ ಚೀನಾದ ಹೆಸರಿನಲ್ಲಿ ಮಾತನಾಡಬೇಕು. ಅವರ ಸಿದ್ಧಾಂತ ನಮಗೆ ಹಿತವೋ ಅಹಿತವೋ ಎಂಬುದು ಇಲ್ಲಿ ಪ್ರಸ್ತುತವಲ್ಲ ಎಂಬುದು ಭಾರತದ ನಿಲುವು. ಅದೇ ವರ್ಷದ ಸೆಪ್ಟೆಂಬರ್ 19ರಂದು ಮಹಾಸಭೆಯ ಅಧಿವೇಶನ ತೆರೆದಾಗ ಪೀಕಿಂಗ್ ಸರಕಾರಕ್ಕೆ ಸ್ಥಾನ ಕೊಡಬೇಕೆಂಬ ಗೊತ್ತುವಳಿಯನ್ನು ಭಾರತ ಮಂಡಿಸಿತು. ಅದು 16ಕ್ಕೆ 33 ಮತಗಳಿಂದ ಬಿದ್ದುಹೋಯಿತು. ಇದಕ್ಕೆ ಎರಡು ದಿನ ಮುಂಚೆ, ಸೆಪ್ಟೆಂಬರ್ 17ರಂದು, ದೆಹಲಿ ಇಸ್ರೇಲಿಗೆ ಮನ್ನಣೆಯನ್ನು ಘೋಷಿಸಿತ್ತು. ಎರಡರ ಹಿಂದೆ ಇರುವುದೂ ಒಂದೇ ತತ್ತ್ವ. ಇಸ್ರೇಲ್ ಎರಡು ವರ್ಷಗಳಿಂದ ಇದೆ, ಮುಂದೆಯೂ ಇರುತ್ತದೆ, ಇಲ್ಲವೆಂದು ನಟಿಸುವುದರಿಂದ ಫಲವಿಲ್ಲ. ಇಸ್ರೇಲನ್ನು ಮನ್ನಿಸುವ ನಿರ್ಧಾರ ನೆಹರೂ ಅವರ ಸರಕಾರದ್ದೇ ಹೊರತು ರಾಯರದಲ್ಲ. ಆದರೆ ಮನ್ನಣೆಯೆಂದರೆ ಒಪ್ಪಿಗೆಯಲ್ಲ, ಇರುವುದನ್ನು ಇದೆ ಎನ್ನುವುದು ಮಾತ್ರ ಎಂಬ ವಿಚಾರಕ್ಕೆ ವಿಶ್ವಸಂಸ್ಥೆಯಲ್ಲಿ ಆ ವರ್ಷ ದನಿ ಕೊಟ್ಟವರು ಅವರು.

ಈ ತತ್ತ್ವದಲ್ಲಿ ಒಂದು ದೊಡ್ಡ ಕೊರತೆಯಿದೆ, ಅದನ್ನು ಮರೆಮಾಡಬೇಕಾಗಿಲ್ಲ. ಇರುವುದನ್ನು ಇದೆ ಎಂದು ಒಪ್ಪಿಕೊಳ್ಳುವ ನ್ಯಾಯ ಗೆದ್ದವನಿಗೆ ಅನುಕೂಲ. ನೆಲ ಕಳೆದುಕೊಂಡು ಡೇರೆಗಳಲ್ಲಿ ಕುಳಿತವನಿಗೆ ಅದರಲ್ಲಿ ಸಿಕ್ಕುವುದೇನು? 1948ರ ಯುದ್ಧದಲ್ಲಿ ಏಳು ಲಕ್ಷದಷ್ಟು ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡಿದ್ದರು. ಸರಕಾರವೂ ಗಡಿಯೂ ಇಲ್ಲದ ಆ ಜನತೆ ಮಾಂಟೆವಿಡಿಯೋದ ಅಳತೆಗೋಲಿಗೆ ನಿಲುಕಲಿಲ್ಲ. ವಸ್ತುಸ್ಥಿತಿಯ ತತ್ತ್ವ ಚೀನಾದಲ್ಲಿ ದುರ್ಬಲರ ಪರವಾಗಿ ನಿಂತಂತೆ ಕಂಡಿತು. ಪ್ಯಾಲೆಸ್ತೀನಿನಲ್ಲಿ ಅದೇ ತತ್ತ್ವ ಅವರನ್ನು ಮರೆತಂತೆ ಕಂಡಿತು.

ರಾಯರ ಪಾಲಿಗೆ ಆ ವರ್ಷದ ಜೂನ್ ತಿಂಗಳು ಬೇರೊಂದು ಪರೀಕ್ಷೆಯನ್ನು ತಂದಿತ್ತು. ಸರದಿಯಂತೆ ಆ ತಿಂಗಳು ಅವರು ಭದ್ರತಾ ಮಂಡಳಿಯ ಅಧ್ಯಕ್ಷರು. 25ರಂದು ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ಅಂದಿನ ಗೊತ್ತುವಳಿಗೆ ಭಾರತ ಮತ ನೀಡಿತು. ಶಸ್ತ್ರಸಹಾಯ ನೀಡಬೇಕೆಂಬ 27ರ ಗೊತ್ತುವಳಿಯ ಹೊತ್ತಿಗೆ ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಅಧ್ಯಕ್ಷಪೀಠದಲ್ಲಿ ಕುಳಿತೇ ರಾಯರು ಮತದಾನದಲ್ಲಿ ಭಾಗವಹಿಸದೆ ಉಳಿದರು. ಈಜಿಪ್ಟೂ ಹಾಗೆಯೇ ಉಳಿಯಿತು. ಎರಡು ದಿನಗಳ ಮೇಲೆ ಭಾರತ ಗೊತ್ತುವಳಿಯನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಹದಿಮೂರು ಏಷ್ಯಾ ಮತ್ತು ಅರಬ್ ರಾಷ್ಟ್ರಗಳ ಸೂಚನೆಯಂತೆ ಕದನ ವಿರಾಮದ ಯತ್ನಕ್ಕಾಗಿ ಮೂವರ ತಂಡವೊಂದು ನೇಮಕವಾಯಿತು: ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್, ಭಾರತದ ರಾವ್. ಯತ್ನ ಕೈಗೂಡಲಿಲ್ಲ. ಆದರೆ ಈಜಿಪ್ಟ್, ಇರಾಕ್, ಸಿರಿಯ, ಲೆಬನಾನ್, ಸೌದಿ ಅರೇಬಿಯ, ಯೆಮೆನ್‌ಗಳು ಭಾರತದ ಜೊತೆಗೆ ಒಂದೇ ಸಾಲಿನಲ್ಲಿ ನಿಂತುದು ಆ ಸಂದರ್ಭದಲ್ಲಿ. ಅರಬ್–ಏಷ್ಯಾ ಬಣವೆಂದು ಮುಂದೆ ಹೆಸರಾದ ಕೂಟದ ಆರಂಭ ಇಲ್ಲಿಯೇ. ಪ್ಯಾಲೆಸ್ತೀನಿಗೆ ವಿಶ್ವಸಂಸ್ಥೆಯಲ್ಲಿ ಮುಂದಿನ ದಶಕಗಳಲ್ಲಿ ದೊರೆತ ಬಹುಮತಗಳ ಬೀಜವೂ ಇಲ್ಲಿದೆ.

ಪ್ಯಾಲೆಸ್ತೀನಿನ ವಿಷಯ ಅವರ ಅವಧಿಯಲ್ಲಿ ಮಂಡಳಿಯ ಮುಂದೆ ಹಲವು ಸಲ ಬಂತು. 1950ರ ನವೆಂಬರ್ 17ರ ಗೊತ್ತುವಳಿಯು ಪ್ಯಾಲೆಸ್ತೀನಿ ಅರಬರನ್ನು ಹೊರದೂಡಿದ ದೂರನ್ನು ವಿಚಾರಿಸಬೇಕೆಂದು ಜಂಟಿ ಯುದ್ಧವಿರಾಮ ಆಯೋಗಕ್ಕೆ ಸೂಚಿಸಿತು. 1951ರ ಮೇ 18ರಂದು, ಸಿರಿಯದ ಗಡಿಯ ನಿಶ್ಶಸ್ತ್ರ ವಲಯದಿಂದ ತೆಗೆದುಹಾಕಲ್ಪಟ್ಟ ಅರಬರು ತಮ್ಮ ಮನೆಗಳಿಗೆ ಮರಳಲು ಅವಕಾಶವಿರಬೇಕೆಂದು ಮಂಡಳಿ ತೀರ್ಮಾನಿಸಿತು. ಈ ಎರಡಕ್ಕೂ ಭಾರತ ಮತ ನೀಡಿತು. ಇಸ್ರೇಲಿಗೆ ಹೋಗುವ ಹಡಗುಗಳಿಗೆ ಸುಯೆಜ್ ಕಾಲುವೆಯಲ್ಲಿ ಈಜಿಪ್ಟ್ ಒಡ್ಡಿದ್ದ ನಿರ್ಬಂಧವನ್ನು ತೆಗೆಯಬೇಕೆಂಬ 1951ರ ಸೆಪ್ಟೆಂಬರ್ 1ರ ಗೊತ್ತುವಳಿಯ ಸಂದರ್ಭದಲ್ಲಿ ಭಾರತ ತಟಸ್ಥವಾಗಿ ಉಳಿಯಿತು. ರಾಜ್ಯವಿಲ್ಲದ ಜನರಿಗೆ ಮನ್ನಣೆ ದೊರೆಯದಿದ್ದ ಕಾಲದಲ್ಲಿ ಅವರ ಮನೆ, ಹೊಲ, ಮರಳುವ ಹಕ್ಕು ಇವು ಕನಿಷ್ಠಪಕ್ಷ ಕಡತಗಳಲ್ಲಿ ದಾಖಲಾದವು. ಇವು ದೊಡ್ಡ ಗೆಲುವುಗಳಲ್ಲ. ಆದರೆ ಮುಂದೆ ಪ್ಯಾಲೆಸ್ತೀನಿನ ವಕೀಲರು ಆಧಾರವಾಗಿ ಹಿಡಿದ ಕಾಗದಗಳಲ್ಲಿ ಇಂಥವೂ ಸೇರಿವೆ.

ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಆಯ್ಕೆಯಾಗಿ 1952ರ ಫೆಬ್ರವರಿಯಲ್ಲಿ ರಾಯರು ಹೇಗ್ ನಗರಕ್ಕೆ ಹೋದರು. ಆ ವರ್ಷ ನ್ಯಾಯಾಲಯದ ಮುಂದಿದ್ದ ದೊಡ್ಡ ಪ್ರಕರಣ ಬ್ರಿಟನ್ ಮತ್ತು ಇರಾನ್‌ಗಳ ನಡುವಿನ ತೈಲ ಕಂಪನಿಯ ವಿವಾದ. ಹಿಂದಿನ ವರ್ಷ ಅದೇ ವಿವಾದ ಭದ್ರತಾ ಮಂಡಳಿಗೆ ಬಂದಾಗ ತಾವು ಭಾರತದ ಪ್ರತಿನಿಧಿಯಾಗಿ ಕುಳಿತಿದ್ದ ಕಾರಣಕ್ಕೆ ರಾಯರು ವಿಚಾರಣೆಯಿಂದ ಹಿಂದೆ ಸರಿದರು. ಹೇಗ್‌ನಲ್ಲಿ ಅವರಿಗೆ ಹೆಚ್ಚು ಕಾಲ ದೊರೆಯಲಿಲ್ಲ. ಕಾಯಿಲೆಯಿಂದ 1953ರ ನವೆಂಬರ್ 30ರಂದು ಜೂರಿಕ್‌ನಲ್ಲಿ ತೀರಿಕೊಂಡರು. ಅವರ ಬರಹಗಳನ್ನು ಸೋದರ ಶಿವರಾಯರು ಸಂಪಾದಿಸಿ 1960ರಲ್ಲಿ ಪ್ರಕಟಿಸಿದರು. ಭಾರತ ಸಂವಿಧಾನದ ರಚನೆಯನ್ನು ಅಭ್ಯಸಿಸುವವರಿಗೆ ಅದು ಇಂದಿಗೂ ಅನಿವಾರ್ಯ ಗ್ರಂಥ. ವಿಶ್ವಸಂಸ್ಥೆಯ ವರ್ಷಗಳ ಬಗೆಗೆ ಕನ್ನಡದಲ್ಲಿ ಇಂಥದೊಂದು ಪುಸ್ತಕ ಬರಬೇಕಾಗಿದೆ.

ಅವರು ತೀರಿಕೊಂಡ ವರ್ಷವೇ ಇಸ್ರೇಲಿನ ಕಾನ್ಸುಲೇಟ್ ಮುಂಬಯಿಯಲ್ಲಿ ತೆರೆಯಿತು. ಮನ್ನಣೆ ಇತ್ತು, ರಾಯಭಾರ ಇರಲಿಲ್ಲ. ಪೂರ್ಣ ರಾಜತಾಂತ್ರಿಕ ಸಂಬಂಧಕ್ಕೆ 1992ರ ಜನವರಿ 29ರವರೆಗೆ ಕಾಯಬೇಕಾಯಿತು. ನಲವತ್ತು ವರ್ಷಗಳ ಕಾಲ ಭಾರತದಲ್ಲಿ ಇಸ್ರೇಲ್ ಎಂದರೆ ಮುಂಬಯಿಯ ಆ ಒಂದು ಕಚೇರಿ. ಬೆನೆ ಇಸ್ರೇಲಿ ಕುಟುಂಬಗಳು ವಲಸೆಯ ಕಾಗದಗಳಿಗಾಗಿ ಬರುತ್ತಿದ್ದುದು ಅಲ್ಲಿಗೇ. ಇನ್ನೊಂದು ಕಡೆ ಭಾರತ 1974ರಲ್ಲಿ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯನ್ನು ಆ ಜನತೆಯ ಪ್ರತಿನಿಧಿಯೆಂದು ಮನ್ನಿಸಿತು. ಅಲ್ಜಿಯರ್ಸ್‌ನಲ್ಲಿ 1988ರ ನವೆಂಬರ್ 15ರಂದು ಪ್ಯಾಲೆಸ್ತೀನ್ ರಾಜ್ಯ ಘೋಷಣೆಯಾದಾಗ ಮೂರನೆಯ ದಿನವೇ ಭಾರತ ಮನ್ನಣೆ ನೀಡಿತು. ಆಗ ಆ ರಾಜ್ಯದ ಹಿಡಿತದಲ್ಲಿ ಒಂದು ಚದರ ಮೈಲಿ ನೆಲವೂ ಇರಲಿಲ್ಲ. 1950ರಲ್ಲಿ ಇರುವುದನ್ನು ಇದೆ ಎಂದು ಮನ್ನಿಸಿದ ದೇಶ, 1988ರಲ್ಲಿ ಇರಬೇಕಾದುದನ್ನು ಇದೆ ಎಂದು ಮನ್ನಿಸಿತು. ರಾಯರು ಬದುಕಿದ್ದರೆ ಇದನ್ನು ಒಪ್ಪುತ್ತಿದ್ದರೋ ಇಲ್ಲವೋ ಎಂದು ಊಹಿಸುವುದು ವ್ಯರ್ಥ. ಆದರೆ ಅವರು ಆಡಿದ ತರ್ಕ ಮತ್ತು ಈ ನಿರ್ಧಾರ ಒಂದೇ ಸಾಲಿನಲ್ಲಿ ಕೂರುವುದಿಲ್ಲವೆಂಬುದನ್ನು ಹೇಳಲೇಬೇಕು. ಜನತೆಯ ಸ್ವಯಂನಿರ್ಣಯದ ಹಕ್ಕು ಈ ನಡುವೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಬೇರೂರಿತ್ತು. ಹಳೆಯ ಅಳತೆಗೋಲು ಸಾಲದಾಗಿತ್ತು.

2012ರ ನವೆಂಬರ್ 29ರಂದು, ವಿಭಜನೆಯ ಗೊತ್ತುವಳಿಯಾಗಿ ಅರವತ್ತೈದು ವರ್ಷ ತುಂಬಿದ ದಿನ, ಮಹಾಸಭೆಯು ಪ್ಯಾಲೆಸ್ತೀನಿಗೆ ಸದಸ್ಯತ್ವವಿಲ್ಲದ ವೀಕ್ಷಕ ರಾಷ್ಟ್ರದ ಸ್ಥಾನವನ್ನು 138 ಮತಗಳಿಂದ ನೀಡಿತು, ಭಾರತ ಪರವಾಗಿತ್ತು. ರಾಯರು ಕುಳಿತಿದ್ದ ಹೇಗ್‌ನ ನ್ಯಾಯಾಲಯ 2004ರಲ್ಲಿಯೂ 2024ರಲ್ಲಿಯೂ ಆಕ್ರಮಿತ ಪ್ಯಾಲೆಸ್ತೀನ್ ಪ್ರದೇಶವನ್ನು ಕುರಿತು ಸಲಹಾ ಅಭಿಪ್ರಾಯಗಳನ್ನು ನೀಡಿತು. 2025ರ ಸೆಪ್ಟೆಂಬರ್ 21ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ಪೋರ್ಚುಗಲ್‌ಗಳೂ ಮರುದಿನ ಫ್ರಾನ್ಸೂ ಪ್ಯಾಲೆಸ್ತೀನನ್ನು ಮನ್ನಿಸಿದವು. 1947ರಲ್ಲಿ ಆ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಬಾಗಿಲಿಗೆ ತಂದಿಟ್ಟ ಬ್ರಿಟನ್ನಿಗೆ ಈ ಒಂದು ಹೆಜ್ಜೆಗೆ ಎಪ್ಪತ್ತೆಂಟು ವರ್ಷಗಳು ಹಿಡಿದವು. ಅಂತರರಾಷ್ಟ್ರೀಯ ಕಾನೂನು ಆಯೋಗವು 1949ರ ಅಧಿವೇಶನದಲ್ಲಿ ಕ್ರೋಡೀಕರಿಸಬೇಕಾದ ಹದಿನಾಲ್ಕು ವಿಷಯಗಳ ತಾತ್ಕಾಲಿಕ ಪಟ್ಟಿಯೊಂದನ್ನು ಮಾಡಿಕೊಂಡಿತ್ತು. ರಾಷ್ಟ್ರಗಳ ಮತ್ತು ಸರಕಾರಗಳ ಮನ್ನಣೆ ಎಂಬುದು ಆ ಪಟ್ಟಿಯಲ್ಲಿ ಸೇರಿತ್ತು. ಆಯೋಗ ಆ ವಿಷಯವನ್ನು ಇನ್ನೂ ಕೈಗೆತ್ತಿಕೊಂಡಿಲ್ಲ.